ನಾಲ್ಕನೇ ತಂತಿ

ಭಾನುವಾರ ಮಧ್ಯಾಹ್ನ ಮೂರಕ್ಕೆ ತಂತಿ ಮಾವನ ಮನೆಯ ಮುಂಗೋಣೆಯಲ್ಲಿ ಕುರ್ಚಿ ಎಳೆಯುವ ಸದ್ದಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ತನ್ನ ಊಟದ ಚೀಲವನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು. ಚೀಲದಲ್ಲಿ ಊಟದ ಡಬ್ಬಿ ಇರಲಿಲ್ಲ. ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಹಸಿರು ಸರ್ಕ್ಯೂಟ್ ಬೋರ್ಡು ಇತ್ತು. ಶನಿವಾರ ಸಂಜೆ ಅದನ್ನು ತಾನು ಕೆಲಸ ಮಾಡುವ ಶೆಡ್ಡಿನಿಂದ ಯಾರ ಕಣ್ಣಿಗೂ ಬೀಳದಂತೆ ತಂದಿದ್ದಳು. ಜನ್ಮದಲ್ಲಿ ಒಂದು ಸೂಜಿಯನ್ನೂ ಕದ್ದವಳಲ್ಲ. ಗೇಟು ದಾಟುವಾಗ ಜೀವ ಬಾಯಿಗೆ ಬಂದಿತ್ತು. ಆದರೆ ಅದಕ್ಕಿಂತ ದೊಡ್ಡ ಕೆಲಸ ಈಗ ಎದುರಿಗಿತ್ತು. ನಾಲ್ಕು ಜನರ ಮುಂದೆ ಬಾಯಿ ಬಿಡಬೇಕಿತ್ತು.

ಅವಳನ್ನು ಎಲ್ಲರೂ ಸದ್ದಿಲ್ಲಮ್ಮ ಎಂದೇ ಕರೆಯುತ್ತಿದ್ದರು. ಏಳನೇ ತರಗತಿಗೆ ಶಾಲೆ ಬಿಟ್ಟಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಕೇಳದ್ದನ್ನು ಹೇಳುತ್ತಿರಲಿಲ್ಲ. ಈ ಗುಣವನ್ನು ನೆಂಟರೆಲ್ಲ ಹೊಗಳಿದ್ದರು. ಅದೇ ಗುಣ ಇವತ್ತು ಅಮ್ಮನ ಕೊನೆಯ ಗಂಟನ್ನು ನುಂಗುವ ಹಂತಕ್ಕೆ ಬಂದು ನಿಂತಿತ್ತು.

ಮುಂಗೋಣೆಯಲ್ಲಿ ಕೂತವರು ನಾಲ್ವರು. ಮಾವ ಅಮ್ಮನ ತಮ್ಮ; ಟೆಲಿಫೋನ್ ಕಂಪನಿಯಲ್ಲಿ ಮೂವತ್ತು ವರ್ಷ ಕಂಬ ಹತ್ತಿ ತಂತಿ ಎಳೆದವನು, ಕಂಪನಿ ಮುಚ್ಚಿದ ಮೇಲೆ ಮನೆಯಲ್ಲಿ ಕೂತವನು. ಆಪರೇಟರಮ್ಮ ಅದೇ ಕಂಪನಿಯ ಎಕ್ಸ್‌ಚೇಂಜಿನಲ್ಲಿ ಕಾಲ್ ಜೋಡಿಸುತ್ತಿದ್ದವರು. ಮೂರನೆಯವರು ಪಕ್ಕದ ಬೀದಿಯ ಟ್ಯೂಷನ್ ಮೇಷ್ಟ್ರು, ಗಣಿತದವರು. ನಾಲ್ಕನೆಯವಳು ಅಮ್ಮ. ಉಳಿತಾಯ ಒಟ್ಟುಗೂಡಿಸಿ ಷೇರು ಕೊಳ್ಳುವುದು ಇವರ ಭಾನುವಾರದ ಕೆಲಸ. ಕೊಳ್ಳುವ ಮೊದಲು ಜಗಳವಾಡಬೇಕು. ಜಗಳ ಇಲ್ಲದಿದ್ದರೆ ಆಪರೇಟರಮ್ಮ ಬರುತ್ತಲೇ ಇರಲಿಲ್ಲವೇನೋ.

ಗೋಡೆಗೊರಗಿಸಿ ಒಂದು ಹಳೆಯ ಮರದ ಬೋರ್ಡು ಇಟ್ಟಿತ್ತು. ಎಕ್ಸ್‌ಚೇಂಜಿನ ಸಾಮಾನು ಹರಾಜಾದಾಗ ಮಾವ ಹೊತ್ತು ತಂದದ್ದು. ಅದರಲ್ಲಿ ಸಾಲಾಗಿ ತೂತುಗಳು, ಕೆಳಗೆ ಹಿತ್ತಾಳೆ ಮೂತಿಯ ನಾಲ್ಕು ತಂತಿಗಳು, ಮೇಲೆ ಒಂದು ಸಣ್ಣ ಕೆಂಪು ಬಲ್ಬು. ಒಬ್ಬೊಬ್ಬರಿಗೆ ಒಂದೊಂದು ತಂತಿ. ಕೊಳ್ಳಲು ಒಪ್ಪಿಗೆ ಇದ್ದವರು ತಮ್ಮ ತಂತಿಯನ್ನು ತೂತಿಗೆ ಚುಚ್ಚಬೇಕು. ನಾಲ್ಕೂ ಚುಚ್ಚಿದರೆ ಮಾತ್ರ ಬಲ್ಬು ಉರಿಯುವಂತೆ ಮಾವ ಒಳಗೆ ಜೋಡಿಸಿದ್ದ. ಬಲ್ಬು ಉರಿಯದಿದ್ದರೆ ಕೊಳ್ಳುವ ಹಾಗಿಲ್ಲ. ಆರು ವರ್ಷದಲ್ಲಿ ಈ ನಿಯಮ ಒಮ್ಮೆಯೂ ತಪ್ಪಿರಲಿಲ್ಲ.

"ಮೂರು ವಾರದಿಂದ ನೀಲಿ ಷೇರು ಇಳೀತಾನೇ ಇದೆ," ಎಂದರು ಮೇಷ್ಟ್ರು. "ಏಣಿ ಇಳಿದಂಗಲ್ಲ, ಬಾವಿಗೆ ಬಿದ್ದಂಗೆ."

"ಇಳಿದಾಗಲೇ ಕೊಳ್ಳಬೇಕು ಮೇಷ್ಟ್ರೇ. ಏರಿದಾಗ ಎಲ್ಲಾ ಕುರಿಗಳೂ ಕೊಳ್ತವೆ," ಎಂದ ಮಾವ.

"ನಾವು ಏರಿದಾಗಲೇ ಅಲ್ವೇನಪ್ಪ ಕೊಂಡಿದ್ದು?" ಎಂದರು ಆಪರೇಟರಮ್ಮ.

ಮಾವ ಕೇಳಿಸಿಕೊಳ್ಳದವನಂತೆ ಅಮ್ಮನ ಕಡೆಗೆ ಕುರ್ಚಿ ತಿರುಗಿಸಿದ. ಇವತ್ತಿನ ಮಾತೆಲ್ಲ ಅಮ್ಮನಿಗೇ. ಉಳಿದ ಮೂವರ ಗಂಟು ಆಗಲೇ ನೀಲಿಯೊಳಗಿತ್ತು. ಅಮ್ಮ ಮಾತ್ರ ಇಷ್ಟು ದಿನ ಚಿಲ್ಲರೆ ಹಾಕಿ, ದೊಡ್ಡದನ್ನು ಮುಟ್ಟದೆ ಇಟ್ಟುಕೊಂಡಿದ್ದಳು. ಅದು ಅಪ್ಪನ ಎದೆಯ ದುಡ್ಡು. ಅಪ್ಪ ಎರಕದ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಧೂಳು ಕುಡಿದು, ಎರಡು ವರ್ಷ ಕೆಮ್ಮಿ, ಹೋದ ಮೇಲೆ ಕಾರ್ಖಾನೆಯವರು ಕೊಟ್ಟ ಪರಿಹಾರ. ತಾಯಿ ಮಗಳ ತಲೆ ಮೇಲಿನ ಸೂರಿಗೆ ಅದೊಂದೇ ಆಧಾರ.

"ನೀಲಿ" ಎಂದರೆ ಒಂದು ಕಂಪನಿ. ಹೆಸರು ಉದ್ದ, ನಾಲಿಗೆ ಹೊರಳುವುದಿಲ್ಲ. ಅವರ ಪೆಟ್ಟಿಗೆಯ ಬಣ್ಣ ನೀಲಿಯಾದ್ದರಿಂದ ಹಾಗೆ ಕರೆಯುತ್ತಿದ್ದರು. ಅದರ ಎದುರಾಳಿ "ಬೂದು." ಎರಡೂ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಸುದ್ದಿ ದಾಟಿಸುವ ನೆಟ್‌ವರ್ಕ್ ಪೆಟ್ಟಿಗೆಗಳನ್ನು ಮಾಡುತ್ತವೆ.

"ಅಕ್ಕ, ಒಂದು ದೊಡ್ಡ ಹಾಲ್ ಇದೆ ಅಂದ್ಕೋ," ಎಂದ ಮಾವ. "ಅದರೊಳಗೆ ಹತ್ತು ಸಾವಿರ ಕಂಪ್ಯೂಟರು. ಎಲ್ಲಾ ಸೇರ್ಕೊಂಡು ಒಂದೇ ಲೆಕ್ಕ ಮಾಡ್ತಿವೆ. ಒಂದಕ್ಕೊಂದು ಪೊಟ್ಟಣ ಕಟ್ಟಿ ಸುದ್ದಿ ಕಳಿಸ್ತಾನೇ ಇರ್ತವೆ. ದಾರೀಲಿ ಒಂದೇ ಒಂದು ಪೊಟ್ಟಣ ಕಳೆದುಹೋಯ್ತು ಅನ್ನು, ಅಷ್ಟೂ ಕಂಪ್ಯೂಟರು ಕೈಕಟ್ಟಿ ಕೂತ್ಕೋಬೇಕು."

"ಗ್ರೂಪ್ ಫೋಟೋಗೆ ಒಬ್ಬ ಬರದಿದ್ರೆ ಎಲ್ಲರೂ ಹಲ್ಲು ಕಿರ್ಕೊಂಡು ನಿಂತಿರ್ತಾರಲ್ಲ, ಹಂಗೆ," ಎಂದರು ಆಪರೇಟರಮ್ಮ.

"ಹಂಗೇ. ಈಗ ನೀಲಿ ಪೆಟ್ಟಿಗೆ ಏನ್ಮಾಡುತ್ತೆ? ಆಚೆ ಕಡೆ ಜಾಗ ಇದೆಯಾ ಅಂತ ಮೊದಲೇ ಕೇಳ್ಕೊಂಡು, ಇದೆ ಅಂದ್ಮೇಲೇ ಪೊಟ್ಟಣ ಬಿಡುತ್ತೆ. ಕಳೆಯೋ ಮಾತೇ ಇಲ್ಲ. ಚಿಪ್ಪೂ ಅವರದ್ದೇ, ಸಾಫ್ಟ್‌ವೇರೂ ಅವರದ್ದೇ. ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಲ್ಲ."

"ಅದಕ್ಕೇ ಬೆಲೆ ಆಕಾಶಕ್ಕೆ," ಎಂದರು ಮೇಷ್ಟ್ರು. "ಬೂದಿನೋರು ಚಿಪ್ಪು ಹೊರಗಿಂದ ತರ್ತಾರೆ. ಪೊಟ್ಟಣಗಳನ್ನ ಇರೋ ಅಷ್ಟೂ ದಾರಿಗೆ ಚೆಲ್ಲಿಬಿಡ್ತಾರೆ, ಆಚೆ ತುದೀಲಿ ಸಾಲಾಗಿ ಜೋಡಿಸ್ಕೊಳ್ತಾರೆ. ಅರ್ಧ ಬೆಲೆ. ದೊಡ್ಡ ಹಾಲ್ ಕಟ್ಟೋರು ಕೊನೆಗೆ ಅಗ್ಗದ ಕಡೆಗೇ ಹೋಗೋದು."

"ಚೆಲ್ಲಿದ್ದನ್ನ ಆರಿಸೋ ಕೂಲಿ ಯಾರು ಕೊಡ್ತಾರೆ, ನಿಮ್ಮ ತಾತನಾ?"

"ನಿಮ್ಮಿಬ್ಬರಿಗಿಂತ ನಾನೇ ವಾಸಿ," ಎಂದರು ಆಪರೇಟರಮ್ಮ. "ಒಂದೇ ಸಲಕ್ಕೆ ಎಂಟು ಕಾಲ್ ನೋಡ್ಕೊಳ್ತಿದ್ದೆ. ಒಂದೂ ಕಳೀಲಿಲ್ಲ."

"ಕಳೀಲಿಲ್ಲ ನಿಜ. ಎಂಟನ್ನೂ ಕೇಳಿಸ್ಕೊಳ್ತಿದ್ರಿ," ಎಂದ ಮಾವ.

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಹುಡುಗಿ ಮಾತ್ರ ನಗಲಿಲ್ಲ. ನಗುವ ಅಮ್ಮ ತಂತಿ ಚುಚ್ಚುತ್ತಾಳೆ. ಅದು ಅವಳಿಗೆ ಗೊತ್ತಿತ್ತು.

ನಗು ಇಳಿದ ಮೇಲೆ ಮಾವ ಎದ್ದು ಗೋಡೆಯ ಹತ್ತಿರ ಹೋದ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಸಂಖ್ಯೆಗಳ ಸಾಲಿತ್ತು: ಹನ್ನೆರಡು, ಹತ್ತೊಂಬತ್ತು, ಇಪ್ಪತ್ತೇಳು... ಕೊನೆಯದು ಐವತ್ತೆರಡು.

"ಪೇಪರ್‌ನೋರು ಏನಾದ್ರೂ ಬರ್ಕೊಳ್ಳಲಿ. ನಿಜವಾದ ಸುದ್ದಿ ನಮ್ಮನೆ ಒಳಗೇ ಇದೆ. ನಮ್ಮ ಸದ್ದಿಲ್ಲಮ್ಮ ಕೂತು ಪ್ಯಾಕ್ ಮಾಡೋ ಒಂದು ಟೇಬಲ್ಲಿಂದಲೇ ವಾರಕ್ಕೆ ಐವತ್ತೆರಡು ನೀಲಿ ಪೆಟ್ಟಿಗೆ ಹೊರಗೆ ಹೋಗ್ತಿವೆ. ನಾಲ್ಕು ತಿಂಗಳ ಹಿಂದೆ ಹನ್ನೆರಡು ಇತ್ತು. ಬೂದು ಎಷ್ಟು? ಸೊನ್ನೆ! ಜಗತ್ತೆಲ್ಲ ನೀಲಿ ಕೊಳ್ತಿದೆ, ಮಾರ್ಕೆಟ್ಟಿಗೆ ಇನ್ನೂ ಗೊತ್ತಾಗಿಲ್ಲ ಅಷ್ಟೇ. ಈಗ ಕಡಿಮೆ ಬೆಲೆಗೆ ಇನ್ನಷ್ಟು ಸೇರಿಸಿದ್ರೆ ನಮ್ಮ ಸರಾಸರಿ ಇಳಿಯುತ್ತೆ. ಒಂಚೂರು ಏರಿದ್ರೂ ಎಲ್ಲರೂ ದಡ ಸೇರ್ತೀವಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಸಂಖ್ಯೆ ಸಂಖ್ಯೆಯೇ. ಅದರ ಮುಂದೆ ನನ್ನ ಬಾಯಿ ನಡೆಯಲ್ಲ."

ಆ ಸಂಖ್ಯೆಗಳೆಲ್ಲ ಹುಡುಗಿಯ ಬಾಯಿಂದಲೇ ಬಂದಿದ್ದವು. ನಾಲ್ಕು ತಿಂಗಳ ಹಿಂದೆ ಮಾವ ಟೀ ಕುಡಿಯುತ್ತ, "ನಿನ್ನ ಟೇಬಲ್ಲಿಗೆ ಯಾವ ಪೆಟ್ಟಿಗೆ ಜಾಸ್ತಿ ಬರುತ್ತೆ?" ಎಂದು ಕೇಳಿದ್ದ. ನೀಲಿ ಎಂದಿದ್ದಳು. ಎಷ್ಟು ಎಂದ, ಹನ್ನೆರಡು ಎಂದಳು. ಆಮೇಲೆ ಪ್ರತಿ ಭಾನುವಾರ ಅದೇ ಪ್ರಶ್ನೆ, ಅದೇ ಬಗೆಯ ಉತ್ತರ. ಮಾವನಿಗೆ ಬರಿಯ ಕುತೂಹಲ ಎಂದುಕೊಂಡಿದ್ದಳು. ಮೂರು ವಾರದ ಹಿಂದೆ ಟೀ ತಟ್ಟೆ ಹಿಡಿದು ಒಳಗೆ ಬಂದಾಗಲೇ ಗೋಡೆಯ ಮೇಲಿನ ಸಾಲನ್ನು ಕಂಡದ್ದು. ತಟ್ಟೆ ಕೈಜಾರಲಿಲ್ಲ ಎಂಬುದೊಂದೇ ಪುಣ್ಯ.

ಅವಳು ಪ್ಯಾಕಿಂಗ್ ಮಾಡುತ್ತಿರಲಿಲ್ಲ. ಕೆಟ್ಟ ಪೆಟ್ಟಿಗೆಗಳನ್ನು ಒಡೆಯುತ್ತಿದ್ದಳು. ಲಾರಿಯಲ್ಲಿ ಸತ್ತ ಪೆಟ್ಟಿಗೆಗಳು ಬರುತ್ತವೆ. ಎಂಟು ಸ್ಕ್ರೂ ಬಿಚ್ಚಿ, ಫ್ಯಾನು ಒಂದು ಟಬ್ಬಿಗೆ, ತಾಮ್ರ ಇನ್ನೊಂದಕ್ಕೆ, ಬೋರ್ಡು ಮತ್ತೊಂದಕ್ಕೆ ಹಾಕಬೇಕು. ಒಳಗಿನ ಧೂಳು ಕಪ್ಪಗೆ, ಹಿಟ್ಟಿನ ಹಾಗೆ. ಅಪ್ಪ ಹೋದ ದಿನ ಅಮ್ಮ ಅವಳ ಕೈಯನ್ನು ತನ್ನ ತಲೆ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿಕೊಂಡಿದ್ದಳು, ಧೂಳಿನ ಕೆಲಸಕ್ಕೆ ಹೋಗಬಾರದೆಂದು. ಏಳನೇ ತರಗತಿಗೆ ಶಾಲೆ ಬಿಟ್ಟವಳಿಗೆ ಬೇರೆ ಯಾರೂ ಕೆಲಸ ಕೊಡಲಿಲ್ಲ. "ಪ್ಯಾಕಿಂಗ್ ಅಮ್ಮ, ಫ್ಯಾನಿನ ಕೆಳಗೆ ಕೂತ್ಕೊಂಡು ಮಾಡೋ ಕೆಲಸ," ಎಂದುಬಿಟ್ಟಿದ್ದಳು. ಆ ಒಂದು ಸುಳ್ಳು ಗೋಡೆ ಹತ್ತಿ ಐವತ್ತೆರಡಾಗಿ ಕೂತಿತ್ತು.

ಈ ವಾರ ಮೂರು ಸಲ ಹೇಳಲು ನೋಡಿದ್ದಳು. ಮಂಗಳವಾರ ಅಮ್ಮ ಬಟ್ಟೆ ಮಡಚುವಾಗ ಬಾಯಿ ತೆರೆದಳು. ನೀರು ಕುಡಿದು ಸುಮ್ಮನಾದಳು. ಗುರುವಾರ ಮಾವನ ಮನೆ ಮೆಟ್ಟಿಲವರೆಗೂ ಬಂದು, ಒಳಗೆ ಅವನು ಫೋನಿನಲ್ಲಿ ಷೇರು ಬೆಲೆ ಕೇಳಿ "ಅಯ್ಯೋ" ಎಂದದ್ದು ಕೇಳಿಸಿ ಹಿಂದಿರುಗಿದಳು. ಶುಕ್ರವಾರ ಒಂದು ಚೀಟಿ ಬರೆದಳು. "ಮಾವ" ಎಂಬುದರ ಮುಂದೆ ಏನೂ ಬರೆಯಲು ತೋಚದೆ ಹರಿದು ಹಾಕಿದಳು.

ಮಾವ ತನ್ನ ತಂತಿ ಎತ್ತಿ ಚುಚ್ಚಿದ. ಟಕ್. ಮೇಷ್ಟ್ರು ನಿಟ್ಟುಸಿರು ಬಿಟ್ಟು ತಮ್ಮದನ್ನು ಚುಚ್ಚಿದರು. ಟಕ್. ಆಪರೇಟರಮ್ಮ ತಮ್ಮ ತಂತಿ ಎತ್ತಿಕೊಂಡರು. "ನನ್ನದೆಲ್ಲ ಅಲ್ಲೇ ಇದೆ. ಮೇಲೆ ಬಂದ್ರೆ ಸಾಕಪ್ಪ," ಎಂದು ಕಣ್ಣು ಮುಚ್ಚಿ ಚುಚ್ಚಿದರು. ಟಕ್.

ಅಮ್ಮ ನಾಲ್ಕನೇ ತಂತಿ ಎತ್ತಿಕೊಂಡಳು. "ತಮ್ಮಾ, ಇದು ಅವರದ್ದು ಕಣೋ," ಎಂದಳು ಮೆಲ್ಲಗೆ.

"ಗೊತ್ತು ಅಕ್ಕ. ಭಾವನ ದುಡ್ಡಿನ ಮೇಲೆ ನಾನು ಆಟ ಆಡ್ತೀನಾ? ನಿನ್ನ ಮಗಳ ಲೆಕ್ಕ ಅಲ್ವಾ ಇದು?"

ಅಮ್ಮನ ಕೈ ಮರದ ಬೋರ್ಡಿನ ಕಡೆ ಚಾಚಿತು. ಹುಡುಗಿ ಯಾವಾಗ ಬಾಗಿಲು ದಾಟಿದಳೋ ಅವಳಿಗೇ ತಿಳಿಯಲಿಲ್ಲ. ಅಮ್ಮನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. ತಂತಿಯ ಹಿತ್ತಾಳೆ ಮೂತಿ ತೂತಿನಿಂದ ಎರಡು ಬೆರಳಿನಷ್ಟು ದೂರದಲ್ಲಿ ನಿಂತಿತು.

"ಏನೇ ಸದ್ದಿಲ್ಲಮ್ಮ, ಟೀ ಆಯ್ತಾ?" ಎಂದ ಮಾವ.

ಹುಡುಗಿ ಇನ್ನೊಂದು ಕೈಯಿಂದ ಚೀಲವನ್ನು ಮೇಜಿನ ಮೇಲೆ ಕೊಡವಿದಳು. ಟವೆಲು ಬಿಚ್ಚಿಕೊಂಡು ಹಸಿರು ಬೋರ್ಡು ಹೊರಬಂತು. ಅದರ ನಡುವೆ ಹೆಬ್ಬೆರಳಗಲದ ಕಂದು ಕಲೆ.

ಮಾವ ಬೋರ್ಡನ್ನು ಎತ್ತಿ ಮೂಗಿನ ಹತ್ತಿರ ಹಿಡಿದ. ಮೂವತ್ತು ವರ್ಷ ಸುಟ್ಟ ತಂತಿ ಮೂಸಿ ಮೂಸಿ ದೋಷ ಹುಡುಕಿದ ಮೂಗು ಅದು.

"ಸುಟ್ಟಿದೆ," ಎಂದ. "ಒಳಗಿಂದ ಸುಟ್ಟಿದೆ. ಎಲ್ಲಿಂದ ತಂದೆ?"

"ಶೆಡ್ಡಿಂದ."

"ಪ್ಯಾಕಿಂಗಿಗೆ ಸುಟ್ಟಿದ್ದು ಯಾಕೆ ಬರುತ್ತೆ?"

"ಪ್ಯಾಕಿಂಗಲ್ಲ ಮಾವ." ಅವಳ ದನಿ ಎಷ್ಟು ಸಣ್ಣಗಿತ್ತೆಂದರೆ ಆಪರೇಟರಮ್ಮ ಹಳೆಯ ಅಭ್ಯಾಸದಂತೆ ಕಿವಿಗೆ ಕೈ ಒತ್ತಿಕೊಂಡರು. "ಕೆಟ್ಟು ಬಂದಿದ್ದನ್ನ ಒಡೀತೀವಿ. ನಾನು ಹೇಳ್ತಿದ್ದದ್ದು ಅವುಗಳ ಲೆಕ್ಕ."

ಮಾವ ಗೋಡೆಯ ಕಡೆ ತಿರುಗಿದ. ಹನ್ನೆರಡರಿಂದ ಐವತ್ತೆರಡರವರೆಗೂ ಅವನ ಕಣ್ಣು ನಿಧಾನವಾಗಿ ನಡೆಯಿತು. "ಅಷ್ಟೂ ಹೆಣಗಳಾ?" ಎಂದ.

ಅವಳು ತಲೆ ಆಡಿಸಿದಳು.

ಆಮೇಲೆ ಮಾವ ಥಟ್ಟನೆ ನೆಟ್ಟಗಾದ. ಮುಳುಗುವವನ ಕೈಗೆ ಏನೋ ಸಿಕ್ಕಂತೆ ಅವನ ಮುಖ ಅರಳಿತು. "ಇರು ಇರು! ಹಳೇದು ಹೊರಗೆ ಬರ್ತಿದೆ ಅಂದ್ರೇನು? ಹೊಸದು ಒಳಗೆ ಹೋಗ್ತಿದೆ ಅಂತ! ಎಲ್ಲರೂ ಹಳೇ ನೀಲಿ ಬಿಸಾಕಿ ಹೊಸ ನೀಲಿ ಹಾಕಿಸ್ಕೊಳ್ತಿದ್ದಾರೆ. ಒಳ್ಳೇ ಸುದ್ದಿ ಕಣ್ರೀ ಇದು!"

"ಹೌದಲ್ಲ!" ಎಂದರು ಆಪರೇಟರಮ್ಮ. ಅವರ ಕಣ್ಣಲ್ಲಿ ಹುಟ್ಟಿದ ಆಸೆಯನ್ನು ನೋಡಲಾಗದೆ ಹುಡುಗಿ ನೆಲ ನೋಡಿದಳು. ಅಮ್ಮನ ಕೈಯಲ್ಲಿ ತಂತಿ ಇನ್ನೂ ಹಾಗೇ ಇತ್ತು. ಆ ಮುಂಗೈಯನ್ನು ಬಿಡದೆ ಹುಡುಗಿ ಹೇಳಿದಳು:

"ಮೇಷ್ಟ್ರೇ, ಅಂಚಲ್ಲಿ ಒಂದು ಬಿಳಿ ಚೀಟಿ ಅಂಟಿಸಿದೆ. ಕೊನೇ ನಾಲ್ಕು ಅಂಕಿ ನೋಡಿ. ಮೊದಲೆರಡು ತಯಾರಾದ ವರ್ಷ, ಆಮೇಲಿನೆರಡು ವಾರ. ಶೆಡ್ಡಲ್ಲಿ ತೂಕ ಮಾಡೋರು ಹೇಳ್ಕೊಟ್ರು."

ಮೇಷ್ಟ್ರು ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ತುಟಿ ಅಲ್ಲಾಡಿತು. "ಹೋದ ವರ್ಷದ ನಲವತ್ತೊಂದನೇ ವಾರ," ಎಂದರು. "ಹುಟ್ಟಿ ವರ್ಷ ಕೂಡ ತುಂಬಿಲ್ಲ ಇದಕ್ಕೆ. ಎಲ್ಲಾ ಹಿಂಗೇನಾ?"

"ಹತ್ತರಲ್ಲಿ ಒಂಬತ್ತು. ಕಲೆ ಅದೇ ಜಾಗದಲ್ಲಿ."

ಮಾವ ಕುರ್ಚಿಗೆ ಕುಸಿದ. ಗದರುತ್ತಾನೆ ಎಂದುಕೊಂಡಿದ್ದಳು. ಗದರಿದ್ದರೆ ಚೆನ್ನಾಗಿತ್ತು. "ಇಷ್ಟು ದಿನ ಯಾಕೆ ಹೇಳಲಿಲ್ಲ ಕೂಸೇ?" ಎಂದ.

"ಎಷ್ಟು ಅಂತ ಮಾತ್ರ ಕೇಳಿದ್ರಿ ಮಾವ."

"ಬೂದು!" ಮೇಷ್ಟ್ರು ಮೇಜು ಗುದ್ದಿದರು. "ನಾನು ಬಡ್ಕೊಂಡೆ! ಬೂದು ಒಂದೂ ಕೆಟ್ಟಿಲ್ಲ, ಸೊನ್ನೆ! ನಾಳೆ ನೀಲಿ ಮಾರಿ ಎಲ್ಲಾ ಬೂದಿಗೆ ಹಾಕೋಣ. ಅಮ್ಮಾ, ನಿಮ್ಮ ದುಡ್ಡೂ..."

"ಬೂದಿನ ವಿಷಯ ನಂಗೆ ಗೊತ್ತಿಲ್ಲ ಮೇಷ್ಟ್ರೇ." ಜನ್ಮದಲ್ಲಿ ಅವಳು ದೊಡ್ಡವರ ಮಾತು ತಡೆದದ್ದು ಅದೇ ಮೊದಲು. "ಅವು ನಮ್ಮ ಶೆಡ್ಡಿಗೆ ಬರೋದೇ ಇಲ್ಲ. ಅವರ ಗುತ್ತಿಗೆ ಬೇರೆ ಶೆಡ್ಡಿನೋರದ್ದು. ಅಲ್ಲಿ ಎಷ್ಟು ಒಡೀತಾರೋ ಯಾರು ಕಂಡ್ರು."

ಎಣಿಸದ್ದು ಸೊನ್ನೆಯಲ್ಲ ಎಂದು ತಾವೇ ಮಕ್ಕಳಿಗೆ ನೂರು ಸಲ ಹೇಳಿಕೊಟ್ಟದ್ದು ನೆನಪಾದಂತೆ ಮೇಷ್ಟ್ರು ಬೋರ್ಡನ್ನು ಮೆಲ್ಲಗೆ ಕೆಳಗಿಟ್ಟರು.

ಅಮ್ಮ ತಂತಿಯನ್ನು ಮಡಿಲಿಗೆ ಬಿಟ್ಟು, ತನ್ನ ಮುಂಗೈ ಹಿಡಿದಿದ್ದ ಮಗಳ ಕೈಯನ್ನು ಬಿಡಿಸಿ, ಅಂಗೈ ಮೇಲೆ ಮಾಡಿದಳು. ಉಗುರಿನ ಸಂದಿಯಲ್ಲಿ, ಗೆರೆಗಳೊಳಗೆ, ಎಷ್ಟು ಸಲ ಉಜ್ಜಿದರೂ ಹೋಗದ ಕಪ್ಪು.

"ಧೂಳಿದೆಯಾ ಅಲ್ಲಿ?"

"ಇದೆ ಅಮ್ಮ."

"ಮೂಗಿಗೆ ಏನ್ ಮಾಡ್ತೀಯ?"

"ಬಟ್ಟೆ ಕಟ್ಕೋತೀನಿ."

"ನಿಮ್ಮಪ್ಪನೂ ಬಟ್ಟೆ ಕಟ್ಕೋತಿದ್ರು," ಎಂದಳು ಅಮ್ಮ.

ಬೈಯಲಿಲ್ಲ, ಆಣೆಯ ಮಾತೂ ತೆಗೆಯಲಿಲ್ಲ. ಮಗಳ ಅಂಗೈಯನ್ನು ಸೆರಗಿನ ತುದಿಯಿಂದ ಉಜ್ಜತೊಡಗಿದಳು. ಹೋಗುವುದಿಲ್ಲ ಎಂದು ತಿಳಿದೂ ಉಜ್ಜಿದಳು, ಚರ್ಮ ಕೆಂಪಾಗುವವರೆಗೂ. ಆಮೇಲೆ ನಾಲ್ಕನೇ ತಂತಿಯನ್ನು ಸುರುಳಿ ಸುತ್ತಿ ಮರದ ಬೋರ್ಡಿನ ಕೆಳಗೆ ಇಟ್ಟಳು. ಬಲ್ಬು ಉರಿಯಲಿಲ್ಲ. ಉಳಿದ ಮೂರು ತಂತಿಗಳು ತೂತಿನಲ್ಲಿ ಹಾಗೇ ನೇತಾಡುತ್ತಿದ್ದವು. ಕೀಳುವ ನೆನಪು ಯಾರಿಗೂ ಆಗಲಿಲ್ಲ.

"ಬೆಳಿಗ್ಗೆ ಮಾರ್ಕೆಟ್ ತೆರೀತಿದ್ದಂಗೇ ನಮ್ಮದೆಲ್ಲ ಮಾರಿಬಿಡೋಣ," ಎಂದ ಮಾವ. "ಸಿಕ್ಕಷ್ಟು ಸಿಗಲಿ." ಆಪರೇಟರಮ್ಮ ತಮ್ಮ ಕೈಚೀಲದ ಜಿಪ್ಪನ್ನು ತೆರೆಯುತ್ತ ಮುಚ್ಚುತ್ತ ಕೂತಿದ್ದರು. ಟೀ ಯಾರೂ ಕೇಳಲಿಲ್ಲ.

ಸೋಮವಾರ ಹುಡುಗಿ ಶೆಡ್ಡಿಗೆ ಹೋದಳು. ವಾರ ಮುಗಿಸದೆ ಬಿಟ್ಟರೆ ತಿಂಗಳ ಸಂಬಳ ಸಿಗುವುದಿಲ್ಲ. ಶನಿವಾರಕ್ಕೆ ಬಿಟ್ಟುಬಿಡಬೇಕು ಎಂದಿದ್ದಳು ಅಮ್ಮ, ಮೂಗಿಗೆ ಕಟ್ಟಿಕೊಳ್ಳಲು ಎರಡು ಪದರದ ಹೊಸ ಬಟ್ಟೆ ಒಂದಲ್ಲ, ಮೂರು ಹೊಲಿದುಕೊಟ್ಟಿದ್ದಳು. ಕದ್ದ ಬೋರ್ಡನ್ನು ಅವಳು ಯಾರೂ ನೋಡದಾಗ ಟಬ್ಬಿಗೆ ಹಾಕಿದಳು. ಬೆಳಿಗ್ಗೆಯೇ ಲಾರಿ ಬಂದಿತ್ತು. ಎಣಿಸಬಾರದು ಎಂದುಕೊಂಡರೂ ತಲೆ ತನ್ನಷ್ಟಕ್ಕೆ ಎಣಿಸುತ್ತಿತ್ತು.

ಹತ್ತೂಕಾಲಿಗೆ ಫೋನು ನಡುಗಿತು. ಆಪರೇಟರಮ್ಮನ ಮೆಸೇಜು. ಬೆಲೆ ಒಂದು ದಿನಕ್ಕೆ ಬೀಳಬಹುದಾದಷ್ಟೂ ತೆರೆದ ಕೂಡಲೇ ಬಿದ್ದು ಅಲ್ಲೇ ಬೀಗ ಹಾಕಿಕೊಂಡಿತ್ತು. ಪೆಟ್ಟಿಗೆಗಳು ಸುಡುತ್ತಿವೆ ಎಂದು ಯಾವುದೋ ದೊಡ್ಡ ಹಾಲ್‌ನವರು ಬೆಳಿಗ್ಗೆಯೇ ದೂರು ಕೊಟ್ಟಿದ್ದರಂತೆ. ಕೊನೆಯಲ್ಲಿ ಹೀಗಿತ್ತು: "ಮಾರೋಕೆ ಎಲ್ಲರೂ ನಿಂತಿದಾರೆ. ಕೊಳ್ಳೋಕೆ ಒಬ್ಬರೂ ಇಲ್ಲ. ಲೈನೇ ಸಿಗ್ತಿಲ್ಲ ಕಣಮ್ಮ."

ಅವಳು ಫೋನನ್ನು ಜೇಬಿಗಿಟ್ಟು ಸ್ಕ್ರೂ ಬಿಚ್ಚಿದಳು. ಒಂದೇ ಒಂದು ವಾರ ಮುಂಚೆ ಬಾಯಿ ಬಿಟ್ಟಿದ್ದರೆ ಮೂವರೂ ದಡದಲ್ಲಿರುತ್ತಿದ್ದರು. ಫ್ಯಾನು ಇತ್ತ, ತಾಮ್ರ ಅತ್ತ. ಕಣ್ಣು ಒರೆಸಿಕೊಳ್ಳಲು ಹೋದರೆ ಕೈ ಕಪ್ಪಾಗಿತ್ತು, ತೋಳಿನಲ್ಲಿ ಒರೆಸಿಕೊಂಡಳು.

ಊಟದ ಬಿಡುವು ಮುಗಿಯುತ್ತ ಬಂದಾಗ ಗೇಟಿನ ಹತ್ತಿರ ಸೂಪರ್‌ವೈಸರ್ ಯಾರ ಜೊತೆಗೋ ಮಾತಾಡುತ್ತಿದ್ದ. ಭುಜಕ್ಕೆ ಹಳೆಯ ತೊಗಲಿನ ಉಪಕರಣದ ಚೀಲ ಹಾಕಿಕೊಂಡ ಬೆನ್ನು. ಆ ಬೆನ್ನು ಅವಳಿಗೆ ಗೊತ್ತು.

"ವಯಸ್ಸೆಷ್ಟು?" ಎನ್ನುತ್ತಿದ್ದ ಸೂಪರ್‌ವೈಸರ್.

"ಮೂವತ್ತು ವರ್ಷ ಕಂಬ ಹತ್ತಿದೀನಿ. ನಿಮ್ಮ ಟೇಬಲ್ ಅಷ್ಟು ಎತ್ತರ ಇಲ್ವಲ್ಲ," ಎಂದ ಮಾವ.

ಸೂಪರ್‌ವೈಸರ್ ನಕ್ಕು, ಅವಳ ಎದುರಿನ ಖಾಲಿ ಸ್ಟೂಲು ತೋರಿಸಿದ. ಮಾವ ಬಂದು ಕೂತ. ಒಂದು ರಾತ್ರಿಯಲ್ಲಿ ಅವನ ಕೆನ್ನೆ ಒಳಕ್ಕೆ ಹೋಗಿತ್ತು. ಅವಳ ಮುಖ ನೋಡಲಿಲ್ಲ. ಚೀಲದಿಂದ ತನ್ನದೇ ಸ್ಕ್ರೂಡ್ರೈವರ್ ತೆಗೆದು, ಮರದ ಹಿಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಅವಳು ಅಮ್ಮ ಹೊಲಿದ ಬಟ್ಟೆಗಳಲ್ಲಿ ಒಂದನ್ನು ತೆಗೆದು ಅವನ ಮುಂದೆ ಚಾಚಿದಳು. ಅಮ್ಮ ಮೂರು ಯಾಕೆ ಹೊಲಿದಿದ್ದಳೆಂದು ಆಗ ಹೊಳೆಯಿತು. ಅಕ್ಕನಿಗೆ ತಮ್ಮನ ಗುಣ ಗೊತ್ತಿರುವುದಿಲ್ಲವೇ? ಮಾವ ಆ ಹೊಲಿಗೆಯನ್ನು ಬೆರಳಲ್ಲಿ ಸವರಿ ಮೂಗಿಗೆ ಕಟ್ಟಿಕೊಂಡ.

"ಎಂಟು ಸ್ಕ್ರೂ ಮಾವ. ಹಿಂದಿನವು ಮೊದಲು."

ಅವನು ಒಂದು ನೀಲಿ ಪೆಟ್ಟಿಗೆಯನ್ನು ಎಳೆದುಕೊಂಡ. ನಾಲ್ಕು ಸ್ಕ್ರೂ ಬಿಚ್ಚಿ, ಪ್ರತಿ ಭಾನುವಾರ ಟೀ ಲೋಟ ಹಿಡಿದು ಕೇಳುವ ಅದೇ ದನಿಯಲ್ಲಿ ಕೇಳಿದ: "ಇವತ್ತು ಎಷ್ಟಾಯ್ತು?"

ಮಧ್ಯಾಹ್ನದ ಹೊತ್ತಿಗೇ ಮೂವತ್ತೊಂದಾಗಿತ್ತು.

"ಎಣಿಸಲಿಲ್ಲ ಮಾವ," ಎಂದಳು.